ಅಪ್‌ಡೇಟ್: ಟ್ರ್ಯಾಕ್ ಡೇ ಮುಗಿಸಿ ಬಂದೆ, ಬಿಗಿನರ್ ಗ್ರೂಪಲ್ಲೇ ಓಡಿಸಿದೆ

ಕಲಬುರಗಿ–ಹುಮನಾಬಾದ್ ರೋಡಲ್ಲಿ ವರ್ಷಗಟ್ಟಲೆ ಬೈಕ್ ಓಡಿಸಿದವನು ಟ್ರ್ಯಾಕ್ ಡೇಯಲ್ಲಿ (ರೇಸ್ ಟ್ರ್ಯಾಕಲ್ಲಿ ನಮ್ಮ ಬೈಕ್ ಓಡಿಸಿ ಕಲಿಯೋ ದಿನ) ಬಿಗಿನರ್ ಗ್ರೂಪ್ ಸೇರಬೇಕೋ, ಇಂಟರ್‌ಮೀಡಿಯೆಟ್ಟೋ ಅಂತ ಕೇಳಿದ್ದೆ. "ಟ್ರ್ಯಾಕ್ ಹೊಸದಂದ್ರ ಬಿಗಿನರ್ರೇ ರೀ" ಅಂದಿರಿ ಭಾಳ ಜನ. ಹಾಗೇ ಮಾಡಿದೆ.

ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಒಂದು ಸುತ್ತು ಸುಮಾರು 3.7 ಕಿ.ಮೀ. ಬೆಳಿಗ್ಗೆ ಬೈಕ್ ತಪಾಸಣೆ, ಕನ್ನಡಿ–ಹೆಡ್‌ಲೈಟಿಗೆ ಟೇಪ್, ಟ್ರ್ಯಾಕಲ್ಲಿ ಸೂಚನೆ ಕೊಡೋ ಬಾವುಟಗಳ ಪಾಠ.

ನನಗೆ ಮುಖ್ಯ ಅನಿಸಿದ್ದು ಓವರ್‌ಟೇಕ್ ನಿಯಮ. ನಮ್ಮ ಗ್ರೂಪಲ್ಲಿ ನೇರ ದಾರಿಯಲ್ಲಷ್ಟೇ ಓವರ್‌ಟೇಕ್ ಮಾಡಬೇಕು, ತಿರುವಿನಲ್ಲಿ ಯಾರೂ ಒಳಗೆ ನುಗ್ಗಂಗಿಲ್ಲ. ಹಾಗಾಗಿ ತಲೆಯೆಲ್ಲ ಲೈನ್ (ತಿರುವಿನಲ್ಲಿ ಬೈಕ್ ಸಾಗಬೇಕಾದ ದಾರಿ) ಮೇಲೇ ಇಡಬಹುದು. ನಮ್ಮ ಕಡೆ ರಸ್ತೆ ಎಲ್ಲ ನೆಟ್ಟಗೆ; ನಮಗಿರೋ ಅನುಭವವೂ ನೆಟ್ಟಗಿನದ್ದೇ. ಉದ್ದನೆ ಸ್ಟ್ರೇಟ್ ಮುಗಿದು ಮೊದಲ ತಿರುವು ಬಂದಾಗ ಬ್ರೇಕ್ ಎಲ್ಲಿ ಹಿಡಿಯೋದು, ಎಲ್ಲಿ ಬಿಡೋದು ಅನ್ನೋದು ಬೇರೆಯದೇ ವಿದ್ಯೆ. ಮುಂದಿದ್ದ ಇನ್‌ಸ್ಟ್ರಕ್ಟರ್ ಬೈಕ್ ಇನ್ನೂ ನೆಟ್ಟಗಿರುವಾಗಲೇ ಅವರ ಹೆಲ್ಮೆಟ್ ತಿರುವಿನ ಒಳಗಡೆಗೆ ಹೊರಳಿರುತ್ತಿತ್ತು. ಅದನ್ನೇ ನೋಡಿ ಮಾಡಿದೆ, ನಡುತಿರುವಿನಲ್ಲಿ ಹ್ಯಾಂಡಲ್ ಸರಿಪಡಿಸೋದು ನಿಂತಿತು. ಎಂಥ ಖುಷಿ ಅಂತೀರಿ!

ಸೆಷನ್ ಮುಗಿದ ಕೂಡಲೇ ಬಿಸಿ ಟೈರಿನ ಗಾಳಿ ಒತ್ತಡ ನೋಡಿ, ಏರಿರುತ್ತೆ.

ಬೀದರ್‌ನಿಂದ 390 ಬೈಕ್ ತಗೊಂಡು ಹೊರಟಿರೋ ತಮ್ಮನಿಗೆ: ಸಿಸಿ ನೋಡಿ ಗ್ರೂಪ್ ಆರಿಸಬೇಡಪ್ಪ. ಪಕ್ಕದಲ್ಲಿ ಬೈಕ್ ಬಂದರೂ ನಿನ್ನ ಲೈನ್ ಅಲುಗಬಾರದು, ಅಲ್ಲಿವರೆಗೂ ಬಿಗಿನರ್. ನಾನೂ ಮುಂದಿನ ಸಲ ಅದರಲ್ಲೇ ಇರ್ತೀನಿ. ಮೇಲಿನ ಗ್ರೂಪಿಗೆ ಇನ್‌ಸ್ಟ್ರಕ್ಟರ್ ಹೇಳಿದಾಗ ಹೋಗೋದು.