ಐವತ್ತನೇ ಎಸೆತಕ್ಕೆ ಕೋಚ್ ನಿಮ್ಮ ಮಗನನ್ನು ತೆಗೆದರೆ ಬೇಜಾರು ಮಾಡಿಕೊಳ್ಳಬೇಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಡಲ್ಲಾಸ್ ಕಡೆಯ ಪಾಲಕರ ಗುಂಪಿನಲ್ಲಿ ಮಕ್ಕಳ ಬೇಸ್‌ಬಾಲ್ ಬಗ್ಗೆ ನಿನ್ನೆ ರಾತ್ರಿಯಿಂದ ನಡೆಯುತ್ತಿರುವ ಮಾತುಕತೆ ಪೂರ್ತಿ ಓದಿದೆ. ಅಲ್ಲಿ ಒಬ್ಬ ಅಕ್ಕ ಬರೆದದ್ದು ಇಷ್ಟು: ಬುಧವಾರದ ಆಟದಲ್ಲಿ ಅವರ 11 ವರ್ಷದ ಮಗ ಮೂರು ಇನ್ನಿಂಗ್ಸ್ ಪಿಚ್ ಮಾಡಿ (ಬ್ಯಾಟರ್‌ಗೆ ಚೆಂಡು ಎಸೆದು) ಏಳು ಜನರನ್ನು ಮೂರು ಸ್ಟ್ರೈಕ್ ಹಾಕಿ ಔಟ್ (ಸ್ಟ್ರೈಕ್‌ಔಟ್) ಮಾಡಿದ, ಒಂದೇ ರನ್ ಕೊಟ್ಟ, ಆದರೂ ಸರಿಯಾಗಿ 50 ಎಸೆತ ಆದ ಮೇಲೆ ಕೋಚ್ ಬಂದು ಚೆಂಡು ಇಸ್ಕೊಂಡು ಬೇರೆ ಹುಡುಗನ ಕೈಗೆ ಕೊಟ್ಟರು, ಆ ಹುಡುಗ ಸಾಲಾಗಿ ವಾಕ್ (ಎಸೆತ ನಾಲ್ಕು ಸಲ ಗುರಿ ತಪ್ಪಿದಾಗ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್) ಕೊಟ್ಟ, ಆಟ ಸೋತರು. ಅದರ ಕೆಳಗೆ ಒಬ್ಬರು ಕೋಚ್ ಪಕ್ಷಪಾತ ಮಾಡಿದರು ಅಂದಿದ್ದಾರೆ. ಇನ್ನೊಬ್ಬರು ನಮ್ಮ ಮಕ್ಕಳು ಅಂದರೆ ಇಲ್ಲಿ ಹೀಗೇನೇ ಅಂದಿದ್ದಾರೆ. ಮತ್ತೊಬ್ಬರು, ಮೇಜರ್ ಲೀಗ್ (ಅಮೆರಿಕದ ದೊಡ್ಡ ವೃತ್ತಿಪರ ಬೇಸ್‌ಬಾಲ್) ಪಿಚರ್ ಆಗಿದ್ದ ನೋಲನ್ ರಯಾನ್ ಕಾಲದಲ್ಲಿ ಯಾರು ಎಣಿಸುತ್ತಿದ್ದರು ಅಂತ ಕೇಳಿದ್ದಾರೆ.

ನನ್ನ ಕಣ್ಣು ನಿಂತಿದ್ದು ಆ 50ರ ಮೇಲೆ. ಅಕ್ಕ, ಆ ಕೋಚ್ ನಿಮ್ಮ ಮಗನನ್ನು ಇಳಿಸಲಿಲ್ಲ. ಶನಿವಾರಕ್ಕೆ ಉಳಿಸಿಕೊಂಡರು.

ನಿಮ್ಮದೂ ನಮ್ಮದೂ ಒಂದೇ ಲೀಗ್, ಅಲ್ಲಿ ನಡೆಯುವುದು ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ನಿಯಮ. 2007ರಿಂದ ಅವರು ಇನ್ನಿಂಗ್ಸ್ ಬಿಟ್ಟು ಎಸೆತ ಎಣಿಸುತ್ತಾರೆ. 9-10 ವರ್ಷದವರಿಗೆ ದಿನಕ್ಕೆ 75 ಎಸೆತ, 11-12ರವರಿಗೆ 85. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲರೂ ಮರೆಯುವುದು ವಿಶ್ರಾಂತಿಯ ಲೆಕ್ಕ. 20 ಎಸೆತದವರೆಗೆ ಮರುದಿನವೇ ಆಡಬಹುದು. 21ರಿಂದ 35 ಆದರೆ ಒಂದು ದಿನ ಬಿಡಬೇಕು. 36ರಿಂದ 50 ಆದರೆ ಎರಡು ದಿನ, 51ರಿಂದ 65 ಆದರೆ ಮೂರು ದಿನ, 66 ದಾಟಿದರೆ ನಾಲ್ಕು ದಿನ. ಈಗ ಬುಧವಾರದ ಆಟ ನೋಡಿ. 50ಕ್ಕೆ ನಿಲ್ಲಿಸಿದರೆ ಗುರುವಾರ, ಶುಕ್ರವಾರ ವಿಶ್ರಾಂತಿ, ಶನಿವಾರ ಮತ್ತೆ ಪಿಚ್ ಮಾಡಬಹುದು. ಇನ್ನೊಬ್ಬ ಬ್ಯಾಟರ್‌ಗೆ ಒಂದೇ ಒಂದು ಎಸೆತ ಹಾಕಿದ್ದರೂ ಶನಿವಾರ ಅವನು ಬೆಂಚ್‌ನಲ್ಲೋ ಔಟ್‌ಫೀಲ್ಡ್‌ನಲ್ಲೋ ಇರಬೇಕಿತ್ತು. ತಂಡದಲ್ಲಿ ಚೆನ್ನಾಗಿ ಪಿಚ್ ಮಾಡುವ ಹುಡುಗರು ಇಬ್ಬರೋ ಮೂವರೋ ಇರುತ್ತಾರೆ. ಶನಿವಾರದ ಎದುರಾಳಿ ಗಟ್ಟಿ ತಂಡ. ಒಳ್ಳೆ ಪಿಚರ್‌ನನ್ನು ಅದಕ್ಕೆ ಇಟ್ಟುಕೊಂಡರು, ಅಷ್ಟೇ. ನಾನೇ ಕೋಚ್ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನೊಂದು ನಿಯಮ ಇದೆ, ಅದೂ ಮುಖ್ಯ. ಒಂದೇ ದಿನ 41 ಅಥವಾ ಜಾಸ್ತಿ ಎಸೆತ ಹಾಕಿದ ಹುಡುಗ ಆ ದಿನ ಮತ್ತೆ ಕ್ಯಾಚರ್ ಆಗುವ ಹಾಗಿಲ್ಲ. ಕ್ಯಾಚರ್ ಪ್ರತಿ ಎಸೆತಕ್ಕೂ ಚೆಂಡು ವಾಪಸ್ ಎಸೆಯುತ್ತಾನಲ್ಲ, ಆ ತೋಳಿಗೂ ಲೆಕ್ಕ ಬೇಕು ಅಲ್ವಾ.

ನಾನು ಇದನ್ನೆಲ್ಲ ಪುಸ್ತಕ ನೋಡಿ ಕಲಿತವಳಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ಮಗನಿಗೆ ಆಗ 10. ಲೀಗ್ ತಂಡದಲ್ಲೂ ಇದ್ದ, ಊರೂರಿಗೆ ಹೋಗಿ ಟೂರ್ನಿ ಆಡುವ ಒಂದು ಟ್ರಾವೆಲ್ ತಂಡದಲ್ಲೂ ಇದ್ದ. ಮಂಗಳವಾರ ಲೀಗ್ ಆಟದಲ್ಲಿ 60 ಎಸೆತ. ಶನಿವಾರ ಟ್ರಾವೆಲ್ ತಂಡದ ಟೂರ್ನಿಯಲ್ಲಿ ಬೆಳಗ್ಗೆ 40, ಮಧ್ಯಾಹ್ನ ಬಿಸಿಲಲ್ಲಿ ಮತ್ತೆ 35. ಸೋಮವಾರ ಲೀಗ್ ಕೋಚ್ "ಕೈ ಹೇಗಿದೆ" ಅಂತ ಕೇಳಿದರೆ ಚೆನ್ನಾಗಿದೆ ಅಂದ. ಒಂದು ತಂಡದ ಲೆಕ್ಕ ಇನ್ನೊಂದು ತಂಡಕ್ಕೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವರು ನಾವು ಮಾತ್ರ, ನಾವು ಕೂಡಿಸಿ ನೋಡಲಿಲ್ಲ. ಟ್ರಾವೆಲ್ ತಂಡದ ಕೋಚ್ ಸ್ಪೀಡ್ ಗನ್ ಹಿಡಿದು ನಿಂತಿರುತ್ತಿದ್ದರು, ಪ್ರತಿ ವಾರ ಒಂದು ಮೈಲಿ ಜಾಸ್ತಿ ಬಂತು ಅಂತ ನಮಗೆ ಖುಷಿ.

ಆಗ ನಮ್ಮ ಮಾವನವರು ತಿಪಟೂರಿನಿಂದ ಬಂದಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿನ್ನುತ್ತಿದ್ದ. ಮಾವ "ಎಡಗೈಲಿ ಊಟ ಮಾಡಬಾರದು ಕಂದ" ಅಂದರು. ಚಮಚ ಬಲಗೈಗೆ ತೆಗೆದುಕೊಂಡ. ಬಾಯಿಯ ಹತ್ತಿರ ಬರುವಷ್ಟರಲ್ಲಿ ಕೈ ನಿಂತಿತು. ಮೊಣಕೈ ಪೂರ್ತಿ ಮಡಚುತ್ತಿರಲಿಲ್ಲ. ಅನ್ನ ತಟ್ಟೆಗೇ ಬಿತ್ತು, ಅವನ ಕಣ್ಣು ತುಂಬಿತು. ಎರಡು ವಾರದಿಂದ ನೋಯುತ್ತಿತ್ತಂತೆ. ಯಾಕೋ ಹೇಳಲಿಲ್ಲ ಅಂದರೆ, "ಹೇಳಿದ್ರೆ ನನ್ನ ಜಾಗ ಬೇರೆಯವರಿಗೆ ಕೊಡ್ತಾರೆ ಅಮ್ಮ" ಅಂದ.

ಡಾಕ್ಟರು ಎಕ್ಸ್‌ರೇ ತೋರಿಸಿ ವಿವರಿಸಿದರು. ಮಕ್ಕಳ ಮೊಣಕೈಯ ಒಳಬದಿಯಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುವ ಜಾಗ ಒಂದು ಇರುತ್ತದೆ. ದೊಡ್ಡವರಲ್ಲಿ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರು) ಮೊದಲು ಸೋಲುತ್ತದೆ, ಮಕ್ಕಳಲ್ಲಿ ಈ ಮೆತ್ತನೆಯ ಜಾಗ ಎಳೆದುಕೊಳ್ಳುತ್ತದೆ. ಮೂರು ತಿಂಗಳು ಚೆಂಡು ಎಸೆಯುವ ಹಾಗಿಲ್ಲ ಅಂದರು. ನಮ್ಮ ಪುಣ್ಯ, ಪೂರ್ತಿ ವಾಸಿಯಾಯಿತು.

ಆಮೇಲೆ ನಾನು ಕೂತು ಓದಿದೆ. 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂತು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಜಾಸ್ತಿ ಪಿಚ್ ಮಾಡಿದವರಿಗೆ ದೊಡ್ಡ ಗಾಯ ಆಗುವ ಸಾಧ್ಯತೆ ಮೂರೂವರೆ ಪಟ್ಟು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿರುವ ಪಿಚ್ ಸ್ಮಾರ್ಟ್ ಸಲಹೆಯಲ್ಲಿ ಈ ವಯಸ್ಸಿನವರು ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಎಸೆಯುವುದನ್ನೇ ಬಿಡಬೇಕು ಅಂತ ಇದೆ. ಡಲ್ಲಾಸ್ ಕಡೆ ಚಳಿ ಕಮ್ಮಿ, ಹನ್ನೆರಡು ತಿಂಗಳೂ ಯಾವುದೋ ಒಂದು ಟೂರ್ನಿ ಇದ್ದೇ ಇರುತ್ತದೆ. ಬಿಡುವು ತಾನಾಗಿ ಬರುವುದಿಲ್ಲ, ನಾವೇ ಕೊಡಬೇಕು.

ನೋಲನ್ ರಯಾನ್ ವಿಷಯಕ್ಕೆ ಬರುತ್ತೇನೆ. 27 ಸೀಸನ್, 5,714 ಸ್ಟ್ರೈಕ್‌ಔಟ್, ಇಲ್ಲೇ ನಮ್ಮ ಟೆಕ್ಸಾಸ್ ರೇಂಜರ್ಸ್ ತಂಡದಲ್ಲಿ 46ನೇ ವಯಸ್ಸಿನವರೆಗೆ ಆಡಿದ ಮನುಷ್ಯ. ಕೈ ಎತ್ತಿ ಮುಗಿಯಬೇಕು. ಆದರೆ ಅಂಥವರು ಎಷ್ಟು ಜನ? ಅವರ ಹಾಗೇ ಎಸೆದು 20ನೇ ವಯಸ್ಸಿಗೇ ಕೈ ಹೋದವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅವರು ದೊಡ್ಡ ಆಟದವರೆಗೆ ಬರಲೇ ಇಲ್ಲ. ಕೊನೆಗೆ 1993ರಲ್ಲಿ ರಯಾನ್ ಅವರ ಆಟ ನಿಂತಿದ್ದೂ ಮೊಣಕೈ ಲಿಗಮೆಂಟ್ ಹರಿದೇ. ಈಗಿನವರನ್ನು ನೋಡಿ. ಪಿಚರ್ ನೇಥನ್ ಇಯೊವಾಲ್ಡಿ, ರಯಾನ್ ಬೆಳೆದ ಆಲ್ವಿನ್ ಊರಿನವನೇ. ಹೈಸ್ಕೂಲಿನಲ್ಲಿರುವಾಗಲೇ ಹರಿದ ಮೊಣಕೈ ಲಿಗಮೆಂಟ್ ಬದಲಿಸುವ ಟಾಮಿ ಜಾನ್ ಆಪರೇಷನ್ ಆಯಿತು, 2016ರಲ್ಲಿ ಮತ್ತೊಂದು. 2023ರಲ್ಲಿ ರೇಂಜರ್ಸ್ ವರ್ಲ್ಡ್ ಸೀರೀಸ್ (ಮೇಜರ್ ಲೀಗ್ ಫೈನಲ್ ಸರಣಿ) ಗೆದ್ದಾಗ ಪ್ಲೇಆಫ್‌ನಲ್ಲಿ ಐದು ಗೆಲುವು, ಸೋಲೇ ಇಲ್ಲ, ಅದು ನಿಜ. ಆದರೆ ಹೈಸ್ಕೂಲ್ ಹುಡುಗನ ಮೊಣಕೈ ಕೊಯ್ಯಿಸಿ ಆ ದಾರಿ ಹಿಡಿಸಲು ನಮಗೆ ಯಾರಿಗಾದರೂ ಮನಸ್ಸು ಬರುತ್ತದಾ?

ನಮ್ಮ ಮಕ್ಕಳೆಲ್ಲ ಪಿಚರ್ ಕುಮಾರ್ ರಾಕರ್ ಅಂದರೆ ಕುಣಿಯುತ್ತಾರೆ. ಅವನ ಅಮ್ಮನ ಕಡೆಯವರು ಆಂಧ್ರದವರು, ಹೆಸರು ಕೇಳಿದರೇ ನಮ್ಮ ಪಕ್ಕದ ಮನೆ ಹುಡುಗ ಅನಿಸುತ್ತದೆ. 2019ರಲ್ಲಿ ವಾಂಡರ್‌ಬಿಲ್ಟ್ ಕಾಲೇಜಿಗೆ ಆಡುತ್ತಾ ಡ್ಯೂಕ್ ತಂಡದ ಮೇಲೆ ಒಂದೂ ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪುವುದು) ಕೊಡದೆ 19 ಸ್ಟ್ರೈಕ್‌ಔಟ್ ಮಾಡಿದ. 2021ರಲ್ಲಿ ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ ಮೆಟ್ಸ್ ತಂಡ 10ನೆಯವನಾಗಿ ಆರಿಸಿಕೊಂಡಿತು, ಆದರೆ ವೈದ್ಯಕೀಯ ಪರೀಕ್ಷೆ ನೋಡಿ ಸಹಿ ಹಾಕಲಿಲ್ಲ. ಮರುವರ್ಷ ರೇಂಜರ್ಸ್ 3ನೆಯವನಾಗಿ ತೆಗೆದುಕೊಂಡಿತು. 2023ರಲ್ಲಿ ಟಾಮಿ ಜಾನ್ ಆಪರೇಷನ್. 2024ರ ಸೆಪ್ಟೆಂಬರ್‌ನಲ್ಲಿ ಅಂತೂ ಮೇಜರ್ ಲೀಗ್‌ಗೆ ಇಳಿದ. ಆ ದಿನ ನಮ್ಮ ಮನೆಯಲ್ಲಿ ಟಿವಿ ಮುಂದೆ ಹಬ್ಬ. ಆದರೆ ಆ ಕಥೆಯಲ್ಲಿ ಮೊಣಕೈಯ ಪಾಲು ಎಷ್ಟು ಅಂತ ಮಗನಿಗೂ ಹೇಳಿದ್ದೇನೆ. ನಮ್ಮ ಮೈಸೂರಿನ ಶ್ರೀನಾಥ್ 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡು ಎಷ್ಟು ತಿಂಗಳು ಹೊರಗೆ ಕೂತಿದ್ದರು ಅಂತ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ವೇಗವಾಗಿ ಎಸೆಯುವವರ ತೋಳು ಯಾವ ಊರಲ್ಲಾದರೂ ಒಂದೇ.

ಈಗ ಅಂಕಿಅಂಶದ ಮಾತು. ಗುಂಪಿನಲ್ಲಿ ಕೆಲವರು ಮಕ್ಕಳ ಇಆರ್‌ಎ ಹಾಕಿ ಹೋಲಿಸುತ್ತಿದ್ದೀರಿ, ದಯವಿಟ್ಟು ಬಿಡಿ. ಇಆರ್‌ಎ ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು ಪಿಚರ್ ಲೆಕ್ಕಕ್ಕೆ ಬರುವ ರನ್, ಒಂದು ಪೂರ್ತಿ ಆಟಕ್ಕೆ ಸರಾಸರಿ ಎಷ್ಟು ಅಂತ; ಕಮ್ಮಿ ಇದ್ದಷ್ಟೂ ಒಳ್ಳೆಯದು. 11 ವರ್ಷದ ಮಕ್ಕಳ ಆಟದಲ್ಲಿ ಯಾವುದು ತಪ್ಪು, ಯಾವುದು ಹಿಟ್ ಅಂತ ತೀರ್ಮಾನ ಮಾಡುವುದು ಫೋನ್ ಹಿಡಿದು ಕೂತ ಯಾರದೋ ಅಮ್ಮ. ಆ ಅಮ್ಮ ಎಷ್ಟೋ ಸಲ ನಾನೇ. ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಕೈಯಿಂದ ಚೆಂಡು ಜಾರಿದರೆ ತಪ್ಪು ಅಂತ ಬರೆಯಲು ಮನಸ್ಸೇ ಬರುವುದಿಲ್ಲ, ಹಿಟ್ ಅಂತ ಬರೆಯುತ್ತೇನೆ, ಪಿಚರ್‌ನ ಇಆರ್‌ಎ ಏರುತ್ತದೆ. ಗೆಲುವು-ಸೋಲಿನ ಲೆಕ್ಕವಂತೂ ದೊಡ್ಡವರಲ್ಲೇ ಮೋಸ ಮಾಡುತ್ತದೆ. ಪಿಚರ್ ಜೇಕಬ್ ಡಿಗ್ರಾಮ್ 2018ರಲ್ಲಿ ಮೆಟ್ಸ್‌ಗೆ ಆಡಿದಾಗ ಇಆರ್‌ಎ 1.70, ಆದರೆ ಗೆದ್ದಿದ್ದು 10, ಸೋತಿದ್ದು 9, ಯಾಕೆಂದರೆ ತಂಡ ರನ್ನೇ ಹೊಡೆಯುತ್ತಿರಲಿಲ್ಲ. ಆದರೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. ನಮ್ಮ ಮಕ್ಕಳಿಗೆ ನಾನು ಬರೆದಿಡುವುದು ಎರಡೇ: ಒಟ್ಟು ಎಸೆತ ಎಷ್ಟು, ಅದರಲ್ಲಿ ಸ್ಟ್ರೈಕ್ (ಬ್ಯಾಟರ್ ವಿರುದ್ಧ ಲೆಕ್ಕಕ್ಕೆ ಬರುವ ಎಸೆತ) ಎಷ್ಟು. ನೂರಕ್ಕೆ ಅರವತ್ತು ಸ್ಟ್ರೈಕ್ ಬೀಳುತ್ತಿದ್ದರೆ ಹುಡುಗ ಚೆನ್ನಾಗಿ ಹಾಕುತ್ತಿದ್ದಾನೆ. ಮೊದಲ ಎರಡು ಇನ್ನಿಂಗ್ಸ್‌ನಲ್ಲಿ ಅರವತ್ತೈದಿದ್ದದ್ದು ಮೂರನೆಯದರಲ್ಲಿ ನಲವತ್ತೈದಕ್ಕೆ ಇಳಿದರೆ ದಣಿದಿದ್ದಾನೆ ಅಂತ ಅರ್ಥ, ಬಾಯಲ್ಲಿ ಏನೇ ಹೇಳಲಿ.

ಲೆಕ್ಕ ನೋಡಿ ಪಿಚರ್‌ನನ್ನು ತೆಗೆಯುವುದು ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಇಲ್ಲೇ ಪಕ್ಕದ ಆರ್ಲಿಂಗ್ಟನ್‌ನಲ್ಲಿ 2020ರ ವರ್ಲ್ಡ್ ಸೀರೀಸ್‌ನ ಆರನೇ ಆಟ ನಡೆಯಿತಲ್ಲ, ಆ ವಿಷಯದಲ್ಲಿ ನಮ್ಮ ಮನೆಯವರಿಗೂ ನನಗೂ ಇವತ್ತಿಗೂ ಜಗಳ. ಡಾಡ್ಜರ್ಸ್ ಎದುರು ಟ್ಯಾಂಪಾ ಬೇ ತಂಡ 1-0 ಮುಂದಿತ್ತು. ಅದರ ಪಿಚರ್ ಬ್ಲೇಕ್ ಸ್ನೆಲ್ 73 ಎಸೆತದಲ್ಲಿ 9 ಸ್ಟ್ರೈಕ್‌ಔಟ್ ಮಾಡಿದ್ದ, ಕೊಟ್ಟಿದ್ದು ಎರಡೇ ಹಿಟ್. ಡಾಡ್ಜರ್ಸ್‌ನ ಮೊದಲ ಮೂರು ಬ್ಯಾಟರ್‌ಗಳು, ಬೆಟ್ಸ್, ಸೀಗರ್, ಟರ್ನರ್, ಅವನೆದುರು ಆರು ಸಲ ಬಂದು ಆರೂ ಸಲ ಸ್ಟ್ರೈಕ್‌ಔಟ್ ಆಗಿದ್ದರು. ಆರನೇ ಇನ್ನಿಂಗ್ಸ್‌ನಲ್ಲಿ ಎರಡನೇ ಹಿಟ್ ಬಿದ್ದ ಕೂಡಲೇ ಮ್ಯಾನೇಜರ್ ಕೆವಿನ್ ಕ್ಯಾಶ್ ಬಂದು ಅವನನ್ನು ತೆಗೆದರು. ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳಿಗೆ ಪಿಚರ್ ಅಭ್ಯಾಸವಾಗಿ ಬಿಡುತ್ತಾನೆ ಅನ್ನುವುದು ಲೆಕ್ಕ. ಬದಲಿಗೆ ಬಂದ ನಿಕ್ ಆ್ಯಂಡರ್ಸನ್‌ಗೆ ಬೆಟ್ಸ್ ಡಬಲ್ (ಎರಡನೇ ಬೇಸ್ ತಲುಪುವ ಹಿಟ್) ಹೊಡೆದ, ನೋಡನೋಡುತ್ತಲೇ ಎರಡು ರನ್ ಬಂತು, ಕೊನೆಗೆ 3-1ಕ್ಕೆ ಡಾಡ್ಜರ್ಸ್ ಗೆದ್ದು ಸೀರೀಸ್ ಮುಗಿಸಿತು. ನಮ್ಮ ಮನೆಯವರು ಡೇಟಾ ಕೆಲಸದವರು, ಕ್ಯಾಶ್ ಮಾಡಿದ್ದು ಸರಿ, ಫಲ ಕೆಟ್ಟಿತು ಅಷ್ಟೇ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಆ ಲೆಕ್ಕ ನೂರಾರು ಪಿಚರ್‌ಗಳ ಸರಾಸರಿ. ಆ ರಾತ್ರಿ ಎದುರಿಗಿದ್ದವನು ಒಬ್ಬ ಸ್ನೆಲ್, ಅವನ ಕೈ ಹೇಗೆ ಓಡುತ್ತಿತ್ತು ಅಂತ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅಲ್ಲಿ ಕಣ್ಣನ್ನು ನಂಬಬೇಕಿತ್ತು.

ಹಾಗಾದರೆ ಮಕ್ಕಳಿಗೆ ಯಾಕೆ ಲೆಕ್ಕ ಅನ್ನುತ್ತೀಯ ಅಂತ ಕೇಳಬಹುದು. ಸ್ನೆಲ್‌ಗೆ ಆಗ 27 ವರ್ಷ. ಮೂಳೆ ಬೆಳೆದು ಮುಗಿದಿದೆ, ನೋವಾದರೆ ಹೇಳುವ ಬಾಯಿದೆ, ಪಕ್ಕದಲ್ಲಿ ಡಾಕ್ಟರು ಇದ್ದಾರೆ. ಅಲ್ಲಿ ವಾದ ಆಟ ಗೆಲ್ಲುವುದರ ಮೇಲೆ. ನಮ್ಮ ಮಗ ನೋವನ್ನು ಎರಡು ವಾರ ಮುಚ್ಚಿಟ್ಟ. ಚೆನ್ನಾಗಿ ಎಸೆಯುತ್ತಿದ್ದಾನೆ ಅಂತ ನಮ್ಮ ಕಣ್ಣಿಗೆ ಕಂಡಿದ್ದೂ ಆ ಎರಡು ವಾರದಲ್ಲೇ.

ನಮ್ಮ ಮಕ್ಕಳು ಅಂತ ತೆಗೆಯುತ್ತಾರೆ ಅನ್ನುವ ಮಾತಿಗೂ ಉತ್ತರ ಹೇಳಲೇಬೇಕು. ಅಂಥದ್ದು ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಆಯ್ಕೆ ಶಿಬಿರದಲ್ಲಿ ನಮ್ಮ ಮಗನನ್ನು ನೋಡುವ ಮೊದಲೇ "ಇವನು ಕ್ರಿಕೆಟ್ ಹುಡುಗನಾ" ಅಂತ ಬದಿಗೆ ಕಳಿಸಿದ್ದು ನನಗೆ ಮರೆತಿಲ್ಲ. ಅಂಥದ್ದು ಕಂಡಾಗ ಹೋಗಿ ಕೇಳಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಬುಧವಾರ ಆಗಿದ್ದು ಅದಲ್ಲ. ಎಲ್ಲದಕ್ಕೂ ಅದನ್ನೇ ಹೇಳಿದರೆ ಮಕ್ಕಳ ಕಿವಿಗೆ ಬೀಳುತ್ತದೆ, ಆಮೇಲೆ ಕೋಚ್ ಮೌಂಡ್ (ಪಿಚರ್ ನಿಲ್ಲುವ ದಿಬ್ಬ) ಕಡೆ ನಡೆದು ಬಂದಾಗಲೆಲ್ಲ ಮಗು ಅವಮಾನ ಅಂತ ತಿಳಿಯುತ್ತದೆ. ನೋವು ಮುಚ್ಚಿಡುವುದು ಶುರುವಾಗುವುದೇ ಅಲ್ಲಿಂದ.

ಈಗ ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಒಂದು ಹಾಳೆ ಇದೆ. ಯಾವ ತಂಡವೇ ಇರಲಿ, ದಿನಾಂಕ, ಎಸೆತ, ಮುಂದೆ ಯಾವತ್ತು ಪಿಚ್ ಮಾಡಬಹುದು, ಎಲ್ಲ ಅಲ್ಲೇ. ಟ್ರಾವೆಲ್ ತಂಡ ಬಿಟ್ಟೆವು. ಆಟದ ದಿನ ಎಣಿಸುವ ಕೆಲಸ ಮಾವನವರದು. ಅವರು ತಿಪಟೂರಿನಲ್ಲಿ ವರ್ಷಗಟ್ಟಲೆ ಕ್ರಿಕೆಟ್ ಸ್ಕೋರ್ ಬರೆದವರು. ಈ ಸಲವೂ ಬಂದಿದ್ದಾರೆ. ಮಡಚುವ ಕುರ್ಚಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಎಣಿಸುವ ಸ್ಟೀಲಿನ ಕ್ಲಿಕ್ಕರ್ ಹಿಡಿದು ಕೂರುತ್ತಾರೆ. ಫೌಲ್ ಆದರೂ ಎಸೆತ ಎಸೆತವೇ ಅಂತ ಮೊದಲ ದಿನವೇ ತಿಳಿದುಕೊಂಡರು. 45 ಆದ ಕೂಡಲೇ ಎದ್ದು ಡಗ್‌ಔಟ್ ಬೇಲಿಯ ಹತ್ತಿರ ಹೋಗಿ ಕೋಚ್‌ಗೆ ಕ್ಲಿಕ್ಕರ್ ತೋರಿಸುತ್ತಾರೆ. ಅವರ ಇಂಗ್ಲಿಷ್ ಕಮ್ಮಿ, ಕೋಚ್‌ಗೆ ಕನ್ನಡ ಬಾರದು, ಆದರೆ ಇಬ್ಬರೂ ತಲೆಯಾಡಿಸುತ್ತಾರೆ. ಮಗ ಮೌಂಡ್‌ನಿಂದ ಇಳಿದು ಬರುವಾಗ ಈಗ ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. "ತಾತ, ಎಷ್ಟಾಯ್ತು?" ಅಂತ ಕೇಳುತ್ತಾ ಬರುತ್ತಾನೆ.

ಅಕ್ಕ, ಶನಿವಾರ ನಿಮ್ಮ ಆಟ ಮುಗಿದ ಮೇಲೆ ಅದೇ ಮೈದಾನದಲ್ಲಿ ನಮ್ಮದು. ನನ್ನ ಹತ್ತಿರ ಇನ್ನೊಂದು ಕ್ಲಿಕ್ಕರ್ ಇದೆ, ನಿಮ್ಮ ಆಟ ಶುರುವಾಗುವ ಮೊದಲೇ ತಂದುಕೊಡುತ್ತೇನೆ. ನಿಮ್ಮ ಮಗ ಪಿಚ್ ಮಾಡುವುದನ್ನು ನೋಡಲು ಮಾವನವರೂ ಬೇಗ ಬರುತ್ತಾರಂತೆ.