ಕಂಪನಿಯೇ ತಯಾರು ಮಾಡಿ ಕೊಡುವ ಆಫ್‌ರೋಡ್ ಪಿಕಪ್: ಅದನ್ನೇ ಕೊಳ್ಳೋದಾ, ಮಾಮೂಲಿ ಗಾಡಿಗೆ ಕೆಲಸ ಮಾಡಿಸೋದಾ?

ಪ್ರಶ್ನೆ:
ನಮಸ್ಕಾರ ಸರ್. ಹತ್ತು ವರ್ಷದಿಂದ ಮಾಮೂಲಿ ಡಬಲ್ ಕ್ಯಾಬ್ ಪಿಕಪ್ ಓಡಿಸುತ್ತಿದ್ದೇನೆ. ಈಗ ಬದಲಾಯಿಸಬೇಕು. ಫೋರ್ಡ್ ರೇಂಜರ್ ರ‍್ಯಾಪ್ಟರ್ ಮೇಲೆ ನನಗೆ ಮನಸ್ಸು. ಒಬ್ಬ ಗೆಳೆಯ ಜೀಪ್ ಗ್ಲಾಡಿಯೇಟರ್ ರೂಬಿಕಾನ್ ಬಿಟ್ಟು ಬೇರೆ ಮಾತೇ ಆಡಲ್ಲ. ಇನ್ನೊಬ್ಬ, ಮಾಮೂಲಿ ಟೊಯೋಟಾ ಹೈಲಕ್ಸ್ ತಗೋ, ಉಳಿದ ದುಡ್ಡಲ್ಲಿ ಟೈರು, ಶಾಕ್ ಹಾಕಿಸು ಅನ್ನುತ್ತಾನೆ. ಮೂವರು ಸೇರಿದರೆ ಇದೇ ಜಗಳ. ನನ್ನ ಓಡಾಟ ಹೀಗಿದೆ: ತಿಂಗಳಿಗೆ ಎರಡು ಸಲ ಕಲ್ಲು, ಕೆಸರಿನ ಕಾಡುದಾರಿ. ವರ್ಷಕ್ಕೊಮ್ಮೆ ಮರಳು. ಹಿಂದೆ 300–400 ಕೆಜಿ ಸಾಮಾನು ಇದ್ದೇ ಇರುತ್ತದೆ. ನೀವು ಇಂಥ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವರು, ಓಡಿಸಲೂ ಕಲಿಸುವವರು. ಏನು ಹೇಳುತ್ತೀರಿ?

ಉತ್ತರ:
ನಮಸ್ಕಾರ. ನೀವು ಓಡಾಟದ ವಿವರ ಕೊಟ್ಟಿದ್ದು ತುಂಬ ಒಳ್ಳೆಯದಾಯಿತು. ಯಾವ ಗಾಡಿ ಒಳ್ಳೆಯದು ಅಂತ ಸುಮ್ನೆ ಕೇಳಿದ್ದರೆ ನನ್ನ ಹತ್ತಿರ ಉತ್ತರವೇ ಇರುತ್ತಿರಲಿಲ್ಲ. ನೀವು ಹೇಳಿದ ಮೂರೂ ಗಾಡಿಗಳನ್ನು ಮೂರು ಬೇರೆ ಬೇರೆ ನೆಲಕ್ಕೆ ಅಂತ ಮಾಡಿದ್ದಾರೆ. ಹಾಗಾಗಿ ನೆಲದಿಂದಲೇ ಶುರು ಮಾಡೋಣ.

ರ‍್ಯಾಪ್ಟರ್ ವೇಗದ ಗಾಡಿ. ಬಯಲಿನ ಹಳ್ಳ ದಿಣ್ಣೆಗಳ ಮೇಲೆ ಜೋರಾಗಿ ಓಡಲಿ ಅಂತಲೇ ಮಾಡಿದ್ದು. ಅದರ ಜೀವ ಇರೋದು ಶಾಕ್ ಅಬ್ಸಾರ್ಬರ್‌ನಲ್ಲಿ. ಮಾಮೂಲಿ ಶಾಕ್ ಕಲ್ಲುದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಕುಣಿದರೆ ಒಳಗಿನ ಎಣ್ಣೆ ಕಾಯುತ್ತದೆ, ತೆಳ್ಳಗಾಗುತ್ತದೆ, ನೊರೆ ಏಳುತ್ತದೆ. ಆಮೇಲೆ ಅದು ಗಾಡಿಯನ್ನು ಹಿಡಿಯಲ್ಲ. ಓಡಿಸುವವರಿಗೆ ಗಾಡಿ ತೇಲಿದ ಹಾಗೆ ಅನ್ನಿಸುತ್ತದೆ. ನಿಲ್ಲಿಸಿ ಶಾಕ್ ಹತ್ತಿರ ಕೈ ಒಯ್ದರೆ ಮುಟ್ಟೋಕೆ ಆಗದಷ್ಟು ಬಿಸಿ. ರ‍್ಯಾಪ್ಟರ್‌ಗೆ ಹಾಕಿರುವ ಫಾಕ್ಸ್ ಕಂಪನಿಯ ಶಾಕ್ 2.5 ಇಂಚು ದಪ್ಪದ್ದು. ಎಣ್ಣೆ ಜಾಸ್ತಿ ಹಿಡಿಸುತ್ತದೆ, ಬೇಗ ಕಾಯಲ್ಲ. ಒಳಗೆ ಎಣ್ಣೆ ಹಾದುಹೋಗಲು ಬೇರೆ ದಾರಿಗಳಿವೆ. ಹಾಗಾಗಿ ಸಣ್ಣ ಗುಂಡಿಗೆ ಮೆತ್ತಗಿರುತ್ತದೆ, ಪೂರ್ತಿ ಕುಸಿಯುವ ಹೊತ್ತಿಗೆ ಗಟ್ಟಿಯಾಗುತ್ತದೆ. ಹಿಂದೆ ಪಟ್ಟಾ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬದಲು ಕಾಯಿಲ್ ಸ್ಪ್ರಿಂಗ್ ಇದೆ. 2018ರ ಮೊದಲ ಮಾದರಿಯಲ್ಲಿ ಡಿಫ್ ಲಾಕ್ (ಎಡ ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಬೀಗ) ಹಿಂದಕ್ಕೆ ಮಾತ್ರ ಇತ್ತು. 2022ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಮುಂದೆಯೂ ಇದೆ. ಇದು ದೊಡ್ಡ ಬದಲಾವಣೆ.

ಗ್ಲಾಡಿಯೇಟರ್ ರೂಬಿಕಾನ್ ಪೂರ್ತಿ ಬೇರೆ ಜಾತಿ. ಬಂಡೆ ಮೇಲೆ ಇರುವೆ ಹಾಗೆ ತೆವಳೋದು ಅದರ ಕೆಲಸ. ಮುಂದೆಯೂ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಹೌಸಿಂಗ್‌ನಲ್ಲಿ ಜೋಡಿಸಿದ ಆಕ್ಸಲ್ (ಅಚ್ಚು). ಒಂದು ಚಕ್ರ ಮೇಲೆ ಹೋದರೆ ಇನ್ನೊಂದು ತಾನಾಗಿ ಕೆಳಗೆ ಬರುತ್ತದೆ, ನೆಲ ಬಿಡಲ್ಲ. ಎರಡೂ ಆಕ್ಸಲ್‌ಗೆ ಲಾಕ್ ಇದೆ. ಮುಂದಿನ ಆ್ಯಂಟಿ ರೋಲ್ ಬಾರನ್ನು (ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸರಳು) ಒಂದು ಬಟನ್ ಒತ್ತಿ ಬಿಡಿಸಬಹುದು. ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಹೋಗಲು ಇರುವ ಗೇರು) ಅನುಪಾತ 4:1. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಮೊದಲ ಗೇರಿನ ಅನುಪಾತ 4.71, ಆಕ್ಸಲಿನದ್ದು 4.10. ಮೂರನ್ನೂ ಗುಣಿಸಿದರೆ 77 ಬರುತ್ತದೆ. ಅಂದರೆ ಎಂಜಿನ್ 77 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಹೆಜ್ಜೆ ಹೆಜ್ಜೆಯಾಗಿ ಇಳಿಯಬಹುದು.

ಹೈಲಕ್ಸ್ ದುಡಿಯುವ ಗಾಡಿ. ಹಿಂದೆ ಪಟ್ಟಾ, ಹಿಂದೆ ಡಿಫ್ ಲಾಕ್, ಲೋ ರೇಂಜ್. ಇಷ್ಟಿದ್ದರೆ ಬಹಳ ದೂರ ಹೋಗಬಹುದು, ಅಲ್ವಾ?

ನಿಮ್ಮ ಲೆಕ್ಕ ನೋಡಿ. ನೀವು ಹೋಗೋದು ಕಾಡುದಾರಿ, ಅಲ್ಲಿ ಗಂಟೆಗೆ 10–15 ಕಿಮೀ ದಾಟಲ್ಲ. ರ‍್ಯಾಪ್ಟರ್‌ನ ದುಬಾರಿ ಶಾಕ್ ತನ್ನ ಕೈಚಳಕ ತೋರಿಸೋದು 60–70 ದಾಟಿದ ಮೇಲೆ. ಜೊತೆಗೆ ಹಿಂದೆ ಸಾಮಾನು ಬೇರೆ. ಮೆತ್ತನೆ ಕಾಯಿಲ್ ಸ್ಪ್ರಿಂಗಿಗೆ ಬೆಲೆ ತೆರಬೇಕಾಗೋದು ಇಲ್ಲೇ. ಮಾಮೂಲಿ ರೇಂಜರ್ 3,500 ಕೆಜಿ ಟ್ರೇಲರ್ ಎಳೆಯುತ್ತದೆ, ರ‍್ಯಾಪ್ಟರ್‌ಗೆ 2,500 ಕೆಜಿ ಮಾತ್ರ. ಹೊರುವ ಭಾರವೂ ಕಡಿಮೆ. ಆದ್ದರಿಂದ ನಿಮಗೆ ನನ್ನ ಮಾತು: ಹಿಂದಿನ ಡಿಫ್ ಲಾಕ್ ಇರುವ ಮಾಮೂಲಿ ಪಿಕಪ್, ಒಳ್ಳೆ ಎ/ಟಿ ಟೈರು (ರಸ್ತೆ, ಕಾಡುದಾರಿ ಎರಡಕ್ಕೂ ಆಗುವಂಥದ್ದು), ಅಡಿಗೆ ಗಟ್ಟಿ ರಕ್ಷಣಾ ತಗಡು. ನೀವು ಬಯಲಲ್ಲಿ ಜೋರಾಗಿ ಓಡಿಸುವವರಾಗಿದ್ದರೆ ರ‍್ಯಾಪ್ಟರ್ ತಗೊಳ್ಳಿ ಅಂತ ನಾನೇ ಹೇಳುತ್ತಿದ್ದೆ.

ಇನ್ನೊಬ್ಬ ಸದಸ್ಯರು:
ನಾನು ಒಪ್ಪಲ್ಲ ಸರ್. ಈಗಿನ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಷ್ಟು ಚುರುಕಾಗಿದೆ ಅಂದರೆ ಡಿಫ್ ಲಾಕ್ ಬೇಕೇ ಆಗಲ್ಲ. ಮಡ್, ಸ್ಯಾಂಡ್, ರಾಕ್ ಅಂತ ಮೋಡ್ ಹಾಕಿದರೆ ಸಾಕು. ಹಳೇ ಕಾಲದ ಲೆಕ್ಕ ಈಗ ಯಾಕೆ?

ಉತ್ತರ:
ಟ್ರ್ಯಾಕ್ಷನ್ ಕಂಟ್ರೋಲ್ ಒಳ್ಳೆಯದೇ. ಆದರೆ ಅದು ಕೆಲಸ ಮಾಡುವ ರೀತಿ ಗೊತ್ತಿರಬೇಕು. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸೋಕೆ ಬಲವೇ ಬೇಡ. ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ, ಅಂದರೆ ಏನೂ ಇಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಆ ಸುಮ್ನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಆಗ ಆಚೆ ಚಕ್ರಕ್ಕೆ ಬಲ ಸಿಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ: ಚಕ್ರ ಮೊದಲು ಜಾರಬೇಕು, ಆಮೇಲೆ ಅದು ಎಚ್ಚರವಾಗುತ್ತದೆ. ಡಿಫ್ ಲಾಕ್‌ನಲ್ಲಿ ಜಾರುವವರೆಗೆ ಕಾಯುವ ಮಾತೇ ಇಲ್ಲ. ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ.

ಕಲಿಸುವಾಗ ನಾನು ಒಂದು ಅಡ್ಡಡ್ಡ ಕಂದಕ ದಾಟಿಸುತ್ತೇನೆ. ಮುಂದಿನ ಎಡಚಕ್ರ ಒಂದು ಗುಂಡಿಯಲ್ಲಿ, ಹಿಂದಿನ ಬಲಚಕ್ರ ಇನ್ನೊಂದರಲ್ಲಿ. ಆ ಎರಡೂ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ಲಾಕ್ ಇಲ್ಲದೆ ಹೋದರೆ ಗಾಡಿ ನಿಲ್ಲುತ್ತದೆ, ಕಾಲು ಆ್ಯಕ್ಸಿಲರೇಟರ್ ಮೇಲೆ ಹಾಗೇ ಹಿಡಿದಿರಬೇಕು, ಟಕಟಕ ಅಂತ ಬ್ರೇಕ್ ಬಡಿಯೋದು ಕೇಳುತ್ತದೆ, ಎರಡು ಮೂರು ಸೆಕೆಂಡ್ ಆದ ಮೇಲೆ ಗಾಡಿ ಧಡ್ ಅಂತ ಮುಂದೆ ಹಾರುತ್ತದೆ. ಆ ಹಾರುವ ಹೊತ್ತಲ್ಲಿ ಬಂಪರ್ ತಾಗೋದು, ಟೈರಿನ ಪಕ್ಕ ಕೊಯ್ಯೋದು. ಅದೇ ಕಂದಕದಲ್ಲಿ ಹಿಂದಿನ ಲಾಕ್ ಹಾಕಿ ಹೋದರೆ ಎಂಜಿನ್ ಸದ್ದೂ ಏರಲ್ಲ. ಕಲಿಯುವವರು ಎರಡನ್ನೂ ಒಂದಾದ ಮೇಲೊಂದು ಮಾಡಿ ನೋಡಿದರೆ ಮತ್ತೆ ವಾದ ಮಾಡಲ್ಲ.

ಮೋಡ್ ಬಗ್ಗೆ ಹೇಳೋದಾದರೆ, ಅವು ಆ್ಯಕ್ಸಿಲರೇಟರ್, ಗೇರ್, ಬ್ರೇಕ್‌ಗಳ ನಡವಳಿಕೆ ಬದಲಿಸುತ್ತವೆ. ಗಾಡಿಯ ಹೊಟ್ಟೆಯನ್ನು ಒಂದು ಇಂಚೂ ಮೇಲೆತ್ತಲ್ಲ.

ಮೊದಲು ಕೇಳಿದವರು:
ಹೊಟ್ಟೆ ಅಂದಿರಲ್ಲ ಸರ್, ನನ್ನ ಗಾಡಿ ಯಾವಾಗಲೂ ತಾಗೋದು ಅಲ್ಲೇ! ಮುಂದೆ ಸಲೀಸಾಗಿ ಏರುತ್ತದೆ, ದಿಣ್ಣೆಯ ನೆತ್ತಿಯಲ್ಲಿ ನಡುವೆ ಕೂತುಬಿಡುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿ ಇದ್ದರೆ ಸರಿಹೋಗುತ್ತಾ?

ಉತ್ತರ:
ಪಿಕಪ್‌ಗಳ ನಿಜವಾದ ಕಷ್ಟ ಇದೇ. ಕಂಪನಿಗಳು ದೊಡ್ಡದಾಗಿ ಹೇಳೋದು ಮುಂದಿನ ಅಪ್ರೋಚ್ ಕೋನ, ಅಂದರೆ ಬಂಪರ್ ತಾಗದೆ ಎಷ್ಟು ಕಡಿದಾದ ದಿಣ್ಣೆಗೆ ಹತ್ತಬಹುದು ಅನ್ನೋದು. ಗ್ಲಾಡಿಯೇಟರ್ ರೂಬಿಕಾನ್‌ನದ್ದು 43 ಡಿಗ್ರಿ ದಾಟುತ್ತದೆ, ನೋಡೋಕೆ ಚೆಂದ. ಆದರೆ ಅದೇ ಗಾಡಿಯ ನಡುವಿನ ಬ್ರೇಕ್‌ಓವರ್ ಕೋನ (ಹೊಟ್ಟೆ ತಾಗದೆ ದಾಟಬಹುದಾದ ನೆತ್ತಿಯ ಕೋನ) 20 ಡಿಗ್ರಿ ಅಷ್ಟೇ. ಯಾಕೆ? ಎರಡು ಆಕ್ಸಲ್ ನಡುವಿನ ದೂರ ಸುಮಾರು 3.5 ಮೀಟರ್.

ನೀವೇ ಲೆಕ್ಕ ಹಾಕಿ. ಆಕ್ಸಲ್‌ಗಳ ನಡುವೆ 3,100 ಮಿಮೀ, ಹೊಟ್ಟೆ ಎತ್ತರ 230 ಮಿಮೀ ಇದ್ದರೆ ಕೋನ ಹತ್ತಿರ ಹತ್ತಿರ 17 ಡಿಗ್ರಿ. ಹೈಲಕ್ಸ್‌ನ ದೂರ 3,085 ಮಿಮೀ, ಅಂದರೆ ಇದೇ ಲೆಕ್ಕದ ಆಸುಪಾಸು. ಅದೇ ಎತ್ತರದ ಗಿಡ್ಡ ಜೀಪಿಗೆ, ನಡುವೆ 2,400 ಮಿಮೀ ಇದ್ದರೆ, 22 ಡಿಗ್ರಿ ಸಿಗುತ್ತದೆ. ಪಿಕಪ್ ಕೊಳ್ಳುವಾಗ ಈ ಉದ್ದವನ್ನೂ ಸೇರಿಸಿಯೇ ಕೊಳ್ಳುತ್ತೀರಿ. ಎತ್ತರ ಹೆಚ್ಚಿಸಿದರೆ ಎರಡು ಮೂರು ಡಿಗ್ರಿ ಸಿಗಬಹುದು. ದಿಣ್ಣೆಯನ್ನು ನೇರ ಏರದೆ ಓರೆಯಾಗಿ ಏರಿದರೂ ಸ್ವಲ್ಪ ಸಿಗುತ್ತದೆ. ಆದರೆ ಪಕ್ಕಕ್ಕೆ ವಾಲುವಷ್ಟು ಇಳಿಜಾರು ಇದ್ದರೆ ಈ ಉಪಾಯ ಬೇಡ.

ನಿಮ್ಮ ಗಾಡಿಗೆ ಪಕ್ಕದ ಮೆಟ್ಟಿಲು ಇದ್ದರೆ ಮೊದಲು ಬಿಚ್ಚಿಸಿ. ಒಮ್ಮೆ ಒಂದು ಹೊಸ ಪಿಕಪ್ ನನ್ನ ಹತ್ತಿರ ಬಂತು. ಮೆಟ್ಟಿಲು ಬಂಡೆಗೆ ಕೂತು ಮೇಲಕ್ಕೆ ಮಡಚಿಕೊಂಡು ಬಾಗಿಲ ಅಂಚಿಗೆ ಒತ್ತಿಬಿಟ್ಟಿತ್ತು. ಒಳಗಿದ್ದವರು ಆಚೆ ಬಾಗಿಲಿಂದ ಇಳಿಯಬೇಕಾಯಿತು. ಕಾಲಿಡೋಕೆ ಅಂತ ಮಾಡಿದ ತೆಳು ಪೈಪು ಗಾಡಿಯ ಭಾರ ಹೇಗೆ ತಡೆಯುತ್ತದೆ? ಚಾಸಿಸ್‌ಗೇ ಕೂರಿಸುವ ರಾಕ್ ಸ್ಲೈಡರ್ ಬೇರೆ ಸಾಮಾನು, ಅದರ ಮೇಲೆ ಜಾಕಿಯನ್ನೇ ಇಡಬಹುದು.

ಇನ್ನೊಬ್ಬ ಸದಸ್ಯರು:
ಹಾಗಾದರೆ ಮಾಮೂಲಿ ಗಾಡಿ ತಗೊಂಡು 4 ಇಂಚು ಲಿಫ್ಟ್ ಹಾಕಿಸಿದರೆ ರ‍್ಯಾಪ್ಟರ್‌ಗಿಂತ ಎತ್ತರ ಆಗುತ್ತದಲ್ಲ?

ಉತ್ತರ:
ಎತ್ತರ ಆಗುತ್ತದೆ, ರ‍್ಯಾಪ್ಟರ್ ಆಗಲ್ಲ. ದಯವಿಟ್ಟು 4 ಇಂಚಿಗೆ ಹೋಗಬೇಡಿ. ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಓರೆಯಾಗುತ್ತದೆ, ಅದರ ತುದಿಯ ಸಿವಿ ಜಾಯಿಂಟ್ (ಬಾಗುತ್ತಾ ತಿರುಗುವ ಕೀಲು) ಸವೆಯುತ್ತದೆ, ರಬ್ಬರ್ ಬೂಟ್ ಹರಿಯುತ್ತದೆ. ಬ್ರೇಕ್ ಪೈಪು ಎಳೆದುಕೊಳ್ಳುತ್ತದೆ. ಗಾಡಿಯ ಭಾರ ಮೇಲಕ್ಕೆ ಹೋಗಿ ಪಲ್ಟಿ ಆಗುವ ಭಯ ಜಾಸ್ತಿ. ಕಂಪನಿಯಿಂದ ಬಂದ ಆಫ್‌ರೋಡ್ ಗಾಡಿಗೆ ನಾನು ಪೂರ್ತಿ ಅಂಕ ಕೊಡೋದು ಇಲ್ಲೇ. ರ‍್ಯಾಪ್ಟರ್‌ನಲ್ಲಿ ಬರೀ ಸ್ಪ್ರಿಂಗ್ ಬದಲಿಸಿಲ್ಲ. ಮುಂದಿನ ಆರ್ಮ್, ಚಕ್ರಗಳ ಅಗಲ, ಚಾಸಿಸ್‌ನ ಬಲ, ಸ್ಟೆಬಿಲಿಟಿ ಕಂಟ್ರೋಲ್ ಲೆಕ್ಕ, ಎಲ್ಲವೂ ಒಂದಕ್ಕೊಂದು ಹೊಂದುವ ಹಾಗೆ ಮಾಡಿದ್ದಾರೆ. ಹೊರಗಡೆ ಅದನ್ನೆಲ್ಲ ಮಾಡಿಸೋಕೆ ಹೊರಟರೆ ದುಡ್ಡೂ ಉಳಿಯಲ್ಲ, ವಾರಂಟಿಯೂ ತಕರಾರಿಗೆ ಬೀಳುತ್ತದೆ. ಮಾಮೂಲಿ ಗಾಡಿಗೆ ಒಂದೂವರೆ, ಎರಡು ಇಂಚು ಸಾಕು. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೆಳಗೆ ಇಳಿಸಿ. ಎದುರು ಬರುವವರ ಕಣ್ಣಿಗೆ ಹೊಡೆಯಬಾರದು.

ರ‍್ಯಾಪ್ಟರ್ ಇಟ್ಟುಕೊಂಡಿರುವ ಸದಸ್ಯರು:
ಎರಡು ವರ್ಷದಿಂದ ಓಡಿಸುತ್ತಿದ್ದೇನೆ ಸರ್. ಕಲ್ಲುದಾರಿಯಲ್ಲೂ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ. ನಿಧಾನದ ದಾರಿಗೆ ಅದು ದಂಡ ಅನ್ನೋ ಹಾಗೆ ಬರೆದಿದ್ದೀರಿ, ಬೇಜಾರಾಯಿತು.

ಉತ್ತರ:
ದಂಡ ಅನ್ನೋ ಅರ್ಥ ಬಂದಿದ್ದರೆ ತಪ್ಪು ನನ್ನದೇ, ಸರಿಪಡಿಸುತ್ತೇನೆ. ಎರಡೂ ಕಡೆ ಲಾಕ್, 33 ಇಂಚಿನ ಎ/ಟಿ ಟೈರು, ಒಳ್ಳೆ ರಕ್ಷಣಾ ತಗಡು ಇರುವ ಗಾಡಿ ಕಲ್ಲುದಾರಿಯಲ್ಲಿ ಚೆನ್ನಾಗಿಯೇ ಹೋಗುತ್ತದೆ. ಇನ್ನೊಂದು ಲಾಭ, ಅದರ ಚಕ್ರ ಕೆಳಗೆ ಮೇಲೆ ಜಾಸ್ತಿ ಆಡುತ್ತದೆ, ಇಡೀ ದಿನ ಓಡಿಸಿದರೂ ಬೆನ್ನು ನೋಯಲ್ಲ. ಇದು ಸಣ್ಣ ವಿಷಯ ಅಲ್ಲ. ಸುಸ್ತಾದವರೇ ಸಂಜೆ ಹೊತ್ತಿಗೆ ತಪ್ಪು ದಾರಿ ಹಿಡಿಯೋದು. ಪ್ರಶ್ನೆ ಕೇಳಿದವರ ಸಾಮಾನು ಮತ್ತು ವೇಗ ನೋಡಿ ನಾನು ಬೇಡ ಅಂದೆ, ಅಷ್ಟೇ. ಅಗಲದ ಬಗ್ಗೆ ಮಾತ್ರ ಎಚ್ಚರ. ಎರಡು ಮರಗಳ ನಡುವೆ ಮಾಮೂಲಿ ರೇಂಜರ್ ನುಸುಳುವ ಜಾಗದಲ್ಲಿ ರ‍್ಯಾಪ್ಟರ್ ಉಜ್ಜಬಹುದು.

ಇನ್ನೊಬ್ಬ ಸದಸ್ಯರು:
ಖಾಲಿ ಪಿಕಪ್ ಮರಳಲ್ಲಿ ಹೂತುಹೋಗುತ್ತದೆ. ಫೋರ್ ಬೈ ಫೋರ್ ಹಾಕಿದರೂ ಅಷ್ಟೇ. ಯಾಕೆ?

ಉತ್ತರ:
ಗಾಳಿ ಇಳಿಸಿದ್ದೀರಾ? ರಸ್ತೆಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೆ ಮರಳಿಗೆ 18ಕ್ಕೆ ಇಳಿಸಿ. ಟೈರು ಉದ್ದಕ್ಕೆ ಹರಡುತ್ತದೆ, ಮರಳನ್ನು ಅಗೆಯೋದು ಬಿಟ್ಟು ಮೇಲೆ ತೇಲುತ್ತದೆ. ಯಾವ ಕಂಪನಿಯ ಯಾವ ಗಾಡಿಯೇ ಆಗಲಿ, ಇದಕ್ಕಿಂತ ಅಗ್ಗದ, ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ. ಆದರೆ ಆ ಗಾಳಿಯಲ್ಲಿ ವೇಗವಾಗಿ ತಿರುಗಿಸಬೇಡಿ, ಟೈರು ರಿಮ್ ಬಿಟ್ಟು ಬರುತ್ತದೆ. ವಾಪಸ್ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿ, ಫೋರ್ ಬೈ ಫೋರ್ ತೆಗೆಯಿರಿ. ಹೆಚ್ಚಿನ ಪಿಕಪ್‌ಗಳಲ್ಲಿ ಫೋರ್ ಹೈ (ಮಾಮೂಲಿ ಗೇರಿನ ಫೋರ್ ಬೈ ಫೋರ್) ಹಾಕಿದರೆ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬೀಗ ಹಾಕಿದ ಹಾಗೆ. ಒಣ ಡಾಂಬರಿನಲ್ಲಿ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ.

ಮೊದಲು ಕೇಳಿದವರು:
ಸರ್, ಇವತ್ತು ಶೋರೂಮಿಗೆ ಹೋಗಿದ್ದೆ. ಎರಡು ಗಾಡಿಗಳ ಅಡಿಯಲ್ಲಿ ಮಲಗಿ ನೋಡಿದೆ. ಮಾಮೂಲಿ ಗಾಡಿಗೆ ಮುಂದೆ ತೆಳು ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇದೆ. ಚಾಸಿಸ್ ಕೆಳಗೆ ಸಣ್ಣದೊಂದು ಬಳೆಯಂಥ ಕೊಕ್ಕೆ ಇದೆ. ಅದಕ್ಕೆ ಹಗ್ಗ ಕಟ್ಟಿ ಎಳೆಸಬಹುದಾ? ಮತ್ತೆ ಕಂಪನಿಯವರು 700 ಮಿಮೀ ನೀರು ದಾಟುತ್ತದೆ ಅನ್ನುತ್ತಾರೆ. ನಂಬಬಹುದಾ?

ಉತ್ತರ:
ನೀವು ಮಲಗಿ ನೋಡಿದ್ದು ನನಗೆ ಬಹಳ ಖುಷಿಯಾಯಿತು. ಆ ಬಳೆಯಂಥ ಕೊಕ್ಕೆ ಸಾಮಾನ್ಯವಾಗಿ ಲಾರಿ, ಹಡಗಿನಲ್ಲಿ ಸಾಗಿಸುವಾಗ ಗಾಡಿಯನ್ನು ಬಿಗಿದು ಕಟ್ಟಲು ಇಟ್ಟಿದ್ದು. ಹೂತ ಗಾಡಿಯನ್ನು ಜಗ್ಗಲು ಅಲ್ಲ. ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ. ಟ್ರೇಲರ್ ಕೂರಿಸುವ ಗುಂಡು ಬಾಲ್‌ಗೆ ಅಂತೂ ಯಾವತ್ತೂ ಹಗ್ಗ ಹಾಕಬೇಡಿ, ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಭಾರದ ಅಳತೆ ಬರೆದಿರುವ ರಿಕವರಿ ಪಾಯಿಂಟನ್ನು (ಹೂತ ಗಾಡಿ ಎಳೆಯಲೆಂದೇ ಮಾಡಿದ ಗಟ್ಟಿ ಕೊಕ್ಕೆ) ಚಾಸಿಸ್‌ಗೆ ಕೂರಿಸಿ. ಮೊದಲ ಖರ್ಚು ಇದು, ಎರಡನೆಯದು ಅಡಿಯ ತಗಡು, ಆಮೇಲೆ ಟೈರು.

700 ಮಿಮೀ ಅನ್ನೋದು ನಿಂತ ನೀರಿಗೆ, ನಿಧಾನವಾಗಿ ಹೋದರೆ. ಹರಿಯುವ ನೀರು ಅದರ ಅರ್ಧ ಇದ್ದರೂ ಗಾಡಿಯ ಪಕ್ಕಕ್ಕೆ ಒತ್ತಿ ತಳ್ಳುತ್ತದೆ. ಮುಂದೆ ನಡೆದು ನೋಡಲು ಆಗದ ನೀರಿಗೆ ಗಾಡಿ ಇಳಿಸಬೇಡಿ. ದಾಟಿದ ಮೇಲೆ ಡಿಫ್ ಎಣ್ಣೆ ನೋಡಿಸಿ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳಬಹುದು. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಂಡರೆ ಆವತ್ತೇ ಬದಲಿಸಿ. ಕೊಳ್ಳುವ ಗಾಡಿಯ ಆಕ್ಸಲ್ ಬ್ರೀದರ್ ಪೈಪು (ಹೌಸಿಂಗ್ ಒಳಗೆ ಹೊರಗೆ ಗಾಳಿ ಆಡುವ ಪೈಪು) ಎಷ್ಟು ಮೇಲಿದೆ ಅಂತ ಮುಂದಿನ ಸಲ ಮಲಗಿದಾಗ ನೋಡಿ ಬಂದು ಹೇಳಿ. ಕೆಳಗಿದ್ದರೆ ಒಂದು ರಬ್ಬರ್ ಪೈಪಿನಲ್ಲಿ ಮೇಲಕ್ಕೆ ಒಯ್ಯುವುದು ಹೇಗೆ ಅಂತ ನಾನು ಬರೆಯುತ್ತೇನೆ.