ಆಡಿನೂರಿಗೆ ಹೋದ ಹಾಡಿನ ಮಾಸ್ತರು

ನಮ್ಮ ಸಂಗೀತ ಮಾಸ್ತರು ಹಂಗೇರಿಗೆ ಹೋಗಿ ಬಂದು ಎಂಟು ದಿನ ಆಯ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಾವು ಕೂಡುವ ಚಹಾದಂಗಡಿಯಲ್ಲಿ ಅವತ್ತಿನಿಂದ ಬೇರೆ ಮಾತೇ ಇಲ್ಲ.

"ಊರಿನ ಹೆಸರು ಏನಂದ್ರಿ?" ಕಿರಾಣಿ ಸಾವಕಾರರು ಮೂರನೇ ಸಲ ಕೇಳಿದರು.

"ಕೆಚ್ಕೆಮೇಟ್. ಕೆಚ್ಕೆ ಅಂದರೆ ಅವರ ಭಾಷೆಯಲ್ಲಿ ಆಡು. ಊರಿನ ಲಾಂಛನದಲ್ಲೂ ಆಡೇ ಇದೆ."

"ಆಡು ನೋಡಲಿಕ್ಕೆ ಅಷ್ಟು ದೂರ ಯಾಕ್ರೀ? ಸೇಡಂ ರಸ್ತೆಗೆ ಹೋಗಿದ್ರೆ ಬಸ್ಸಿಗೇ ಅಡ್ಡ ಬರ್ತಿದ್ವು."

ಮಾಸ್ತರು ಸಿಟ್ಟಾಗಲಿಲ್ಲ. 1882ರಲ್ಲಿ ಅಲ್ಲಿ ಜೋಲ್ತಾನ್ ಕೊಡಾಯ್ ಅಂತ ಒಬ್ಬ ಸಂಗೀತಗಾರ ಹುಟ್ಟಿದ, ಅವನ ಹೆಸರಲ್ಲಿ 1975ರಿಂದ ಒಂದು ಸಂಸ್ಥೆ ಇದೆ, ಶಾಲೆ ಮಕ್ಕಳಿಗೆ ಹಾಡು ಕಲಿಸೋದು ಹೇಗೆ ಅಂತ ತಿಳಿಯಲು ಎಲ್ಲೆಲ್ಲಿಂದಲೋ ಮಾಸ್ತರುಗಳು ಅಲ್ಲಿಗೆ ಬರುತ್ತಾರೆ ಅಂತೆಲ್ಲ ಹೇಳಿದರು.

"ಹೆಸರೇ ಕೊಡಾಯ್. ಏನಾದ್ರೂ ಕೊಟ್ನಾ?" ಅಂದ ಬ್ಯಾಂಕಿನವನು.

ಕೊಟ್ಟಿದ್ದು ಕೈಸನ್ನೆ. ಇಂಗ್ಲೆಂಡಿನ ಒಬ್ಬ ಪಾದ್ರಿಯ ಪದ್ಧತಿಯಂತೆ, ಕೊಡಾಯ್ ಅದನ್ನು ತನ್ನ ಪಾಠಕ್ಕೆ ತಂದ. ಮುಷ್ಟಿ ಹಿಡಿದರೆ ದೋ, ಅಂದರೆ ನಮ್ಮ ಸ. ಅಂಗೈ ನೆಲಕ್ಕೆ ಮಾಡಿ ಅಡ್ಡ ಹಿಡಿದರೆ ನಮ್ಮ ಗ. ಒಂದು ಬೆರಳು ಮೇಲೆತ್ತಿದರೆ ನಿ. ಮಾಸ್ತರು ನಿ ತೋರಿಸುತ್ತಿದ್ದಂತೆ ಹುಡುಗ ಇನ್ನೊಂದು ಚಹಾ ತಂದಿಟ್ಟ. ಅದರ ದುಡ್ಡು ನಾನು ಕೊಟ್ಟೆ.

ಊಟದ ಕಥೆ ಜಾಸ್ತಿ ಇಲ್ಲ. ಕೆಂಪು ಪುಡಿ ಕಂಡು ಖುಷಿಯಿಂದ ಸುರುವಿಕೊಂಡರೆ ಅದು ಖಾರವೇ ಇಲ್ಲದ ಸಿಹಿ ಪಾಪ್ರಿಕಾ. ಆಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಗತಿ.

ಮಕ್ಕಳಿಗೆ ಮೊದಲು ಗಂಟಲು, ವಾದ್ಯ ಆಮೇಲೆ ಅನ್ನೋದು ಕೊಡಾಯ್ ಮಾತು. ಇವರ ಶಾಲೆಯ ಹಾರ್ಮೋನಿಯಂ ಎರಡು ಸ್ವರ ನುಂಗಿಕೊಂಡು ಮೂರು ವರ್ಷವಾಗಿದೆ, ಮಾಸ್ತರು ಪಾಪ ರಿಪೇರಿಗೆ ಅರ್ಜಿ ಕೊಡುತ್ತಲೇ ಇದ್ದರು, ಈಗ ಈ ಮಾತು ಕೇಳಿದ ಹೆಡ್‌ಮಾಸ್ತರು "ಹಾಗಾದ್ರೆ ಇದು ಬೇಡ ಅಲ್ವಾ?" ಅಂತ ಅಷ್ಟೂ ಅರ್ಜಿ ವಾಪಸ್ ಕೈಗಿಟ್ಟರಂತೆ.

"ಮಜಾ ಅಂದ್ರೆ," ಮಾಸ್ತರು ದನಿ ತಗ್ಗಿಸಿದರು, "ಅವನು 1905ರಿಂದ ಹಳ್ಳಿಹಳ್ಳಿ ತಿರುಗಿ ಮುದುಕಿಯರ ಹಾಡು ಬರೆದುಕೊಂಡ, ಮೇಣದ ಕೊಳವೆಯ ಮೇಲೆ ದನಿ ಹಿಡಿದ. ಮಕ್ಕಳ ಪಾಠ ಅವರ ತಾಯಿನುಡಿಯ ಹಾಡಿನಿಂದಲೇ ಶುರುವಾಗಬೇಕಂತೆ. ನಿಮ್ಮಜ್ಜಿಯ ಹಾಡು ಹಾಡಿ ಅಂತ ನನ್ನನ್ನೂ ಎಬ್ಬಿಸಿ ನಿಲ್ಲಿಸಿದ್ರು. ಬೀಸುವ ಪದ ಎರಡು ಸಾಲು ಬಂತು. ಉಳಿದದ್ದು ಲಲಲ."

"ಚಪ್ಪಾಳೆ?"

"ಲಲಲಕ್ಕೇ ಜಾಸ್ತಿ ಬಿತ್ತು."

ಸಾವಕಾರರು ಮೆಲ್ಲಗೆ ಬಾಯಿಬಿಟ್ಟರು. "ನಮ್ಮವ್ವಗೆ ಬರ್ತಾವ್ರೀ, ಬೇಕಾದಷ್ಟು. ಆಳಂದದಲ್ಲೇ ಇದ್ದಾಳೆ. ಆದ್ರೆ ಬೀಸುಕಲ್ಲು ತಿರುಗಿಸದೆ ಹಾಡು ಬರಲ್ಲ ಅಂತಾಳೆ."

"ಕಲ್ಲು ಎಲ್ಲಿದೆ?"

"ಅದರ ಮೇಲೆ ನೀರಿನ ಡ್ರಮ್ ಇಟ್ಟೀವಿ."

ಭಾನುವಾರ ಎಲ್ಲರೂ ಆಳಂದಕ್ಕೆ ಹೊರಟಿದ್ದಾರೆ. ನನಗೆ ಸೊಂಟನೋವು ಅಂತ ಆಗಲೇ ಹೇಳಿಟ್ಟಿದ್ದೇನೆ.